ಗ್ವಾಂಗ್‌ಝೌನಲ್ಲಿ ಪರದೇಶಿ ದೇವರನ್ನು ಹುಡುಕಿ

ಕಿಸ್ಟಾ, ಎದುರುಬಾಗಿಲು

ನಾವು ಚೀನಾಕ್ಕೆ ಹೋಗಿದ್ದು ಒಂದು ತುಂಡು ಹುರಿದ ಹಂದಿಮಾಂಸವನ್ನು ದೇವರಿಗೆ ಒಪ್ಪಿಸಲಿಕ್ಕೆ ಎಂದರೆ ಅರಸೀಕೆರೆಯ ನಮ್ಮ ನೆಂಟರಿಷ್ಟರಲ್ಲಿ ಯಾರೂ ನಂಬುವುದಿಲ್ಲ. ನಂಬದಿರಲಿ ಎಂದೇ ಅಮ್ಮನ ಆಸೆ. ಅವರಿಗೆಲ್ಲ ಅವಳು ಹೇಳಿರುವುದು, “ಮಗಳಿಗೆ ಆಫೀಸ್ ಕೆಲಸ ಇತ್ತು, ಜೊತೆಗೆ ಹೋಗಿದ್ದೆ, ದೇವಸ್ಥಾನಗಳು ಚೆನ್ನಾಗಿದ್ವು” ಎಂದಷ್ಟೇ. ಅದೂ ಸುಳ್ಳಲ್ಲ. ಆಫೀಸು ನನ್ನನ್ನು ಒಂದು ವಾರ ಗ್ವಾಂಗ್‌ಝೌಗೆ ಕಳಿಸಿತ್ತು, ದೇವಸ್ಥಾನಗಳು ಚೆನ್ನಾಗಿಯೇ ಇದ್ದವು. ಈ ಬರಹ ಯಾರಾದರೂ ನೆಂಟರ ಕೈಗೆ ಸಿಕ್ಕರೆ ಮುಂದಿನದು ಅಮ್ಮನ ಪಾಡು.

ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ನಾವು ಇರುವ ಮಹಡಿಯಲ್ಲಿ ಎರಡೇ ಬಾಗಿಲು. ಒಂದು ನಮ್ಮದು, ಎದುರಿನದು ಲಿನ್ ಆಂಟಿಯದು. ಈ ದೇಶದಲ್ಲಿ ಶಾಲೆಯ ಹೆಡ್ ಮೇಡಮ್ಮನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಆದರೆ ನಾನು ಐದು ವರ್ಷದವಳಾಗಿದ್ದಾಗ ಒಮ್ಮೆ ಬರೀ “ಲಿನ್” ಎಂದು ಕೂಗಿದ್ದಕ್ಕೆ, ಊರಿಂದ ಬಂದಿದ್ದ ಅಜ್ಜಿ ನನ್ನ ಕಿವಿ ಹಿಂಡಿದ್ದರು. ಅಂದಿನಿಂದ ಅವರು ಲಿನ್ ಆಂಟಿ. ಒಬ್ಬರೇ ಇರುವವರು. ಅಮ್ಮನಿಗೂ ಅವರಿಗೂ ಇಪ್ಪತ್ತು ವರ್ಷಕ್ಕೂ ಮೀರಿದ ಸ್ನೇಹ. ಇಬ್ಬರೂ ಮಾತಾಡುವುದು ಸ್ವೀಡಿಷ್‌ನಲ್ಲಿ. ವ್ಯಾಕರಣ ಇಬ್ಬರದೂ ಒಂದೇ ಥರ ಕೆಟ್ಟಿರುವುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುತ್ತದೆ. ಪಕ್ಕದಲ್ಲಿ ಕೂತ ಸ್ವೀಡನ್ನಿನವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಇಲ್ಲಿ ಅವರ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

ಇಪ್ಪತ್ತು ವರ್ಷದ ಹಿಂದೆ ಲಿನ್ ಆಂಟಿಯ ಹೃದಯಕ್ಕೆ ಒಂದು ಆಪರೇಷನ್ ಆಗಿ, ಹೊಸ ವಾಲ್ವ್ ಹಾಕಿದ್ದರು. ಅದು ಈಗ ಸವೆದಿತ್ತು. ಮತ್ತೆ ಬದಲಾಯಿಸಬೇಕೆಂದು ಡಾಕ್ಟರು ಹೇಳಿ ತಾರೀಖು ಕೊಟ್ಟರೆ, ಆಂಟಿ ಎರಡು ಸಲ ಅದನ್ನು ಮುಂದಕ್ಕೆ ಹಾಕಿದರು. ಮೂರನೆಯ ತಾರೀಖು ಕೊಡುವಾಗ ಡಾಕ್ಟರು, ಇನ್ನು ಕಾಯುವುದು ಅಪಾಯ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದರು.

ಅಮ್ಮ ಒಂದು ದಿನ ಕಾಫಿಗೆ ಕೂರಿಸಿಕೊಂಡು ಬಾಯಿ ಬಿಡಿಸಿದಳು. ಮೊದಲನೆಯ ಆಪರೇಷನ್ನಿನ ಹೊತ್ತಿಗೆ ಆಂಟಿಯ ತಾಯಿ ಗ್ವಾಂಗ್‌ಝೌನಲ್ಲಿ, ಮಗನ ಮನೆಯಲ್ಲಿ ಇದ್ದರಂತೆ. ಮಗಳು ಬದುಕಿದರೆ ಹುರಿದ ಹಂದಿಮಾಂಸ ಒಪ್ಪಿಸುತ್ತೇನೆ ಎಂದು ಅಲ್ಲಿನ ಯಾವುದೋ ಗುಡಿಯಲ್ಲಿ ಹರಕೆ ಹೊತ್ತರಂತೆ. ಮಗಳು ಬದುಕಿದಳು. ಹರಕೆ ತೀರಿಸುವ ಮುಂಚೆಯೇ ತಾಯಿ ತೀರಿಕೊಂಡರು. ಆ ಅಣ್ಣನೂ ಈಗಿಲ್ಲ. ಉಳಿದಿರುವುದು ಒಂದು ಕಾಗದ. “ಇಲ್ಲೊಬ್ಬ ಪರದೇಶಿ ದೇವರಿದ್ದಾನೆ, ಅವನಿಗೆ ಹೇಳಿಕೊಂಡಿದ್ದೇನೆ. ಮನೆ ಬಿಟ್ಟು ಬಂದವನು, ನಮ್ಮ ಸಂಕಟ ಅವನಿಗೆ ತಿಳಿಯುತ್ತದೆ” ಎಂದು ಅದರಲ್ಲಿ ಬರೆದಿತ್ತು. ದೇವರ ಹೆಸರಿಲ್ಲ, ಗುಡಿಯ ಹೆಸರಿಲ್ಲ.

“ಮೊದಲಿನದೇ ಕೊಟ್ಟಿಲ್ಲ. ಎರಡನೇ ಸಲ ಯಾವ ಮುಖ ಇಟ್ಕೊಂಡು ಕೇಳಲಿ, ಸುಮಾ?” ಎಂದರು ಆಂಟಿ.

ನನ್ನ ಸ್ವೀಡಿಷ್ ಗೆಳೆಯರಿಗೆ ಇದನ್ನು ಹೇಳಿದರೆ ಪಾಪ ಎಂದು ಒಳ್ಳೆಯ ಕೌನ್ಸೆಲರ್ ಒಬ್ಬರ ನಂಬರ್ ಕೊಡುತ್ತಿದ್ದರು. ಅಮ್ಮ ಮಾತ್ರ ಕಪ್ಪು ಕೆಳಗಿಟ್ಟು, “ಸರಿ, ಅದನ್ನ ಮೊದಲು ಮುಗಿಸೋಣ. ಇವಳು ಹೆಂಗೂ ಹೋಗ್ತಿದಾಳಲ್ಲ, ನಾನೂ ಹೋಗ್ತೀನಿ” ಎಂದಳು. ಹಂದಿ ಎಂಬ ಮಾತು ಆಮೇಲೆ ಅವಳಿಗೆ ನೆನಪಾಗಿರಬೇಕು. ಅಂದು ಸಂಜೆ ಪಾತ್ರೆ ಸ್ವಲ್ಪ ಜೋರಾಗಿಯೇ ತೊಳೆದಳು. ನಮ್ಮ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ.

ಬೋಧಿವೃಕ್ಷದ ಅಂಗಳ

ನನ್ನ ಆಫೀಸಿನ ಕೆಲಸ ಮುಗಿದ ಮೇಲೆ ನಮಗೆ ಉಳಿದದ್ದು ಮೂರೇ ದಿನ. ಮೂರನೆಯ ದಿನ, ಸ್ವೀಡನ್ನಿನ ಬೆಳಿಗ್ಗೆ ಹತ್ತಕ್ಕೆ, ಲಿನ್ ಆಂಟಿ ಆಸ್ಪತ್ರೆಗೆ ಸೇರಬೇಕು. ಅಷ್ಟರೊಳಗೆ ನಾವು ಪರದೇಶಿ ದೇವರನ್ನು ಪತ್ತೆ ಮಾಡಬೇಕು. ಆಗದಿದ್ದರೆ ಅವರು ಮತ್ತೆ ಫೋನ್ ಮಾಡಿ ತಾರೀಖು ಬದಲಾಯಿಸುತ್ತಾರೆ. ಅದನ್ನು ಅವರು ಬಾಯಿಬಿಟ್ಟೇ ಹೇಳಿದ್ದರು.

ಆಂಟಿಗೆ ಗ್ವಾಂಗ್‌ಝೌ ಗೊತ್ತಿಲ್ಲ. ಅವರು ಬೆಳೆದದ್ದು ಬಡಗಣ ಚೀನಾದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಹೊಗೆಕೊಳವೆ ಇತ್ತು, ಗುಡಿ ಇರಲಿಲ್ಲ. ಗುಡಿಗಳ ರೀತಿನೀತಿ ಅವರಿಗೆ ನನಗಿಂತ ಹೆಚ್ಚೇನೂ ತಿಳಿಯದು. ಹೀಗಾಗಿ ನಾವೇ ಊಹಿಸಿ ಹೊರಟೆವು. ಪರದೇಶಿ ಎಂದರೆ ಯಾರು? ಊರಿನ ಅತಿ ಹಳೆಯ ಬೌದ್ಧ ವಿಹಾರವಾದ ಗ್ವಾಂಗ್‌ಷಿಯಾವೋಗೆ ಭಾರತದಿಂದ ಭಿಕ್ಷುಗಳು ಬಂದು ಕೂತು ಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸಿದ್ದರಂತೆ. ಅಲ್ಲಿಂದಲೇ ಶುರು ಮಾಡಿದೆವು.

ಬಾಗಿಲಲ್ಲಿ ಎಲ್ಲರಿಗೂ ಮೂರು ಮೂರು ಊದುಬತ್ತಿ ಕೊಟ್ಟರು, ಅದಕ್ಕಿಂತ ಹೆಚ್ಚಿಲ್ಲ. ಅಮ್ಮನಿಗೆ ಅದೇ ಹಬ್ಬ. ಕಿಸ್ಟಾದ ಮನೆಯಲ್ಲಿ ಊದುಬತ್ತಿ ಹಚ್ಚಬೇಕಾದರೆ ಮೊದಲು ಮೇಲೆ ಸೂರಿನಲ್ಲಿರುವ ಹೊಗೆ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸಬೇಕು. ಇಲ್ಲಿ ಬಯಲಿನಲ್ಲಿ, ಕಂಚಿನ ದೊಡ್ಡ ಕೊಪ್ಪರಿಗೆಯ ಸುತ್ತ, ನೂರು ಜನ ಒಟ್ಟಿಗೆ ಹೊಗೆ ಎಬ್ಬಿಸುತ್ತಿದ್ದರು. ಅಮ್ಮ ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡು ಕೆಮ್ಮಿದಳು.

ಗುಡಿಯ ಹೊಸ್ತಿಲು ನನ್ನ ಮೊಣಕಾಲಿನಷ್ಟು ಎತ್ತರ. ಅದನ್ನು ತುಳಿಯಬಾರದು, ದಾಟಬೇಕು. ಅಷ್ಟು ನಮ್ಮ ಹಾಗೆಯೇ. ಆದರೆ ಚಪ್ಪಲಿ ಯಾರೂ ಬಿಡುವುದಿಲ್ಲ, ಬೂಟು ಹಾಕಿಕೊಂಡೇ ದೇವರ ಮುಂದೆ ಹೋಗುತ್ತಾರೆ. ಅಮ್ಮನಿಗೆ ಮನಸ್ಸು ಒಪ್ಪಲಿಲ್ಲ. ಹೊಸ್ತಿಲ ಪಕ್ಕ ಶೂ ಬಿಚ್ಚಿಟ್ಟು ಸಾಕ್ಸಿನಲ್ಲಿ ಒಳಗೆ ಹೋದಳು. ಮೂರು ಬುದ್ಧರಿಗೆ ನಮಸ್ಕಾರ ಮಾಡಿ ಹೊರಗೆ ಬಂದರೆ ಶೂ ಇಲ್ಲ.

“ನೋಡ್ದ್ಯಾ, ಇಲ್ಲೂ ಕದೀತಾರೆ!” ಎಂದಳು. ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಜಾಸ್ತಿ ಇತ್ತು, ಊರಿನ ದೇವಸ್ಥಾನಕ್ಕೆ ಬಂದಂತೆ.

ಕದ್ದಿರಲಿಲ್ಲ. ಕಸ ಗುಡಿಸುವ ಹೆಂಗಸೊಬ್ಬರು, ಯಾರೋ ಮರೆತು ಬರಿಗಾಲಲ್ಲಿ ಹೋಗಿಬಿಟ್ಟಿದ್ದಾರೆ ಎಂದು ಕಂಗಾಲಾಗಿ, ಶೂಗಳನ್ನು ಎದೆಗವಚಿಕೊಂಡು ಅಂಗಳವೆಲ್ಲ ಹುಡುಕುತ್ತಿದ್ದರು. ಅಮ್ಮನ ಸಾಕ್ಸು ಕಂಡಾಗ ಅವರ ಮುಖ ಅರಳಿತು. ಕೂರಿಸಿ, ತಾವೇ ಬಗ್ಗಿ ಶೂ ತೊಡಿಸಲು ಬಂದರು. ಅಮ್ಮ ಹೌಹಾರಿ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಹಾಗೇ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಕ್ಕರು.

ಹಿಂದಿನ ಅಂಗಳದಲ್ಲಿ ಅರಳಿಮರ. ಭಾರತದಿಂದ ಭಿಕ್ಷುವೊಬ್ಬ ಹಡಗಿನಲ್ಲಿ ಸಸಿ ತಂದು ನೆಟ್ಟದ್ದಂತೆ. ಆ ಮೂಲ ಮರ ಬಿರುಗಾಳಿಗೆ ಬಿದ್ದಾಗ ಅದರ ಸಂತತಿಯದನ್ನೇ ತಂದು ಮತ್ತೆ ನೆಟ್ಟರಂತೆ. ಜನ ಬಿದ್ದ ಎಲೆಗಳನ್ನು ಹೆಕ್ಕಿ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಮ್ಮ ಯೋಚಿಸದೆ ಪ್ರದಕ್ಷಿಣೆ ಶುರು ಮಾಡಿದಳು. ಮೂರನೆಯ ಸುತ್ತಿಗೆ ಅವಳ ಹಿಂದೆ ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಮುದುಕ, ಒಂದು ತಳ್ಳುಗಾಡಿಯ ಮಗು ಮತ್ತು ಅದರ ತಾಯಿ ಸೇರಿದ್ದರು. ಇವಳು ನಿಂತಾಗ ಅವರೆಲ್ಲರೂ ನಿಂತು, ಮುಂದೇನು ಎಂದು ಇವಳ ಮುಖ ನೋಡಿದರು.

ಆದರೆ ಇಲ್ಲಿ ಪರದೇಶಿಗಳು ಬಹಳ ಮಂದಿ. ಬಂದವರು, ಬರೆದವರು, ಹೋದವರು. ದೇವರಾಗಿ ಕೂತವರು ಯಾರೂ ಕಾಣಲಿಲ್ಲ. ಹೋಟೆಲಿಗೆ ಮರಳುವಾಗ ಅಮ್ಮ ಎಂದಳು: “ತಾಯಿ ಬರೆದಿದ್ದು ಒಬ್ಬ ಅಂತ. ಒಬ್ಬನೇ ಇರೋ ಕಡೆ ಹೋಗ್ಬೇಕು ಕಣೇ.”

ಹುವಾಲಿನ್, ಕೈಯಲ್ಲಿ ಹಂದಿ

ಮರುದಿನ ಬೆಳಿಗ್ಗೆ ನಮಗೆ ಅನುಮಾನವೇ ಇರಲಿಲ್ಲ. ಹುವಾಲಿನ್ ಗುಡಿ ಬೋಧಿಧರ್ಮ ಬಂದಿಳಿದ ಜಾಗ. ದಕ್ಷಿಣ ಭಾರತದಿಂದ ಸಮುದ್ರದ ದಾರಿಯಲ್ಲಿ ಬಂದ ಒಬ್ಬನೇ ಒಬ್ಬ ಸನ್ಯಾಸಿ. ಇದಕ್ಕಿಂತ ಪರದೇಶಿ ಬೇಕೇ?

ಅಮ್ಮ ಅಷ್ಟು ನಿಶ್ಚಯವಾಗಿದ್ದಳೆಂದರೆ ಹೋಗುವ ದಾರಿಯಲ್ಲೇ ಹಂದಿಮಾಂಸ ಕೊಂಡುಬಿಡೋಣ ಎಂದಳು. ಹಣ್ಣು ಸಾಕಾಗುವುದಿಲ್ಲವೇ ಎಂದು ನಾನು ಕೇಳಿ ನೋಡಿದೆ.

“ಹೇಳಿಕೊಂಡಿದ್ದು ಹಂದಿ. ಹಂದಿ ಅಂದ್ರೆ ಹಂದಿ. ದೇವರ ಹತ್ರ ಚೌಕಾಸಿ ಮಾಡ್ತಾರಾ?”

ಹುರಿದ ಮಾಂಸದ ಅಂಗಡಿಯ ಗಾಜಿನ ಹಿಂದೆ ಬಾತುಕೋಳಿಗಳು ಕತ್ತು ಸಮೇತ ನೇತಾಡುತ್ತಿದ್ದವು. ಅಮ್ಮ ರಸ್ತೆಯ ಆಚೆ ಬದಿಯಲ್ಲಿ ನಿಂತು, ಅಲ್ಲಿಂದಲೇ ಕೈಸನ್ನೆಯಲ್ಲಿ “ದೊಡ್ಡದು, ಇನ್ನೂ ದೊಡ್ಡದು” ಎಂದು ನಿರ್ದೇಶನ ಕೊಟ್ಟಳು. ಫೋನಿನ ಅನುವಾದದಲ್ಲಿ ದೇವರಿಗೆ ಎಂದು ತೋರಿಸಿದೆ. ಅಂಗಡಿಯವನು ತಲೆಯಾಡಿಸಿ, ಚರ್ಮ ಚೆನ್ನಾಗಿ ಉಬ್ಬಿದ ಒಂದು ತುಂಡು ಆರಿಸಿ ಡಬ್ಬಿಗೆ ಹಾಕಿ, ಮೇಲೆ ಕೆಂಪು ಕಾಗದದ ಪಟ್ಟಿ ಸುತ್ತಿ ಕೊಟ್ಟ. ಅದನ್ನು ಹಿಡಿದು ನಾನು ಮುಂದೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಅಮ್ಮ. ನೋಡಿದವರಿಗೆ ನಾವಿಬ್ಬರೂ ಜಗಳವಾಡಿಕೊಂಡಂತೆ ಕಂಡಿರಬೇಕು.

ಹುವಾಲಿನ್‌ಗೆ ಹೋಗುವ ಓಣಿ ತುಂಬ ಹಸಿರು ಜೇಡ್ ಕಲ್ಲಿನ ಅಂಗಡಿಗಳು. ಬಳೆ, ಲಾಕೆಟ್ಟು, ಸಣ್ಣ ಸಣ್ಣ ಬುದ್ಧರು. ಅದರ ನಡುವೆ ಗುಡಿಯ ಬಾಗಿಲು. ನಾನು ಹೊಸ್ತಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕೆಂಪು ಜಾಕೆಟ್ಟಿನ ಸ್ವಯಂಸೇವಕಿಯೊಬ್ಬರು ಓಡಿ ಬಂದರು. ವಯಸ್ಸಾದವರು, ಬೆಳ್ಳನೆ ಕೂದಲು. ಮೂಗಿನಲ್ಲೇ ಅವರಿಗೆ ವಿಷಯ ತಿಳಿದಿತ್ತು. ನನ್ನ ಕೈಯ ಡಬ್ಬಿ ನೋಡಿ, ನನ್ನ ಮುಖ ನೋಡಿ, ಬುದ್ಧನ ಕಡೆ ತಿರುಗಿ ಕೈಮುಗಿದು ಏನೋ ಹೇಳಿದರು. ನನ್ನ ಪರವಾಗಿ ಕ್ಷಮೆ ಕೇಳಿದ್ದು ಎಂದು ಅರ್ಥ ಮಾಡಿಕೊಳ್ಳಲು ಅನುವಾದ ಬೇಕಿರಲಿಲ್ಲ.

ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: ಇದು ಬೌದ್ಧರ ಗುಡಿ. ಇಲ್ಲಿ ಭಿಕ್ಷುಗಳು ಮಾಂಸ ಮುಟ್ಟುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನುವುದಿಲ್ಲ.

“ಏನಂತೆ?” ಎಂದು ಅಮ್ಮ ಹೊಸ್ತಿಲ ಆಚೆಯಿಂದ ಕೂಗಿದಳು.

“ಅವರು ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ವಂತೆ.”

ಅಮ್ಮನ ಮುಖ ನೋಡಬೇಕಿತ್ತು. ಹುಟ್ಟಿದಾಗಿನಿಂದ ಸಸ್ಯಾಹಾರಿ, ಏಕಾದಶಿಗೆ ಬೆಳ್ಳುಳ್ಳಿ ಬಿಡುವವಳು, ತನಗಿಂತ ಮಡಿವಂತರ ಮನೆಯೊಳಕ್ಕೆ ಹಂದಿ ಕಳಿಸಿದ್ದಳು. ಚೀನಾದವರು ಎಲ್ಲವನ್ನೂ ತಿನ್ನುತ್ತಾರೆ, ಹಾಗಾಗಿ ಅವರ ದೇವರೂ ಎಲ್ಲವನ್ನೂ ತಿನ್ನುತ್ತಾನೆ ಎಂದು ನಾವಿಬ್ಬರೂ ತಿಳಿದಿದ್ದೆವು. ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ತೋಚಿರಲೂ ಇಲ್ಲ.

ಸ್ವಯಂಸೇವಕಿ ನಮ್ಮನ್ನು ಬೈಯಲಿಲ್ಲ. ಡಬ್ಬಿಯನ್ನು ಎದುರಿನ ಜೇಡ್ ಅಂಗಡಿಯವನಿಗೆ ಕೊಡಿಸಿ, ನನಗೆ ಕೈ ತೊಳೆಯಲು ನೀರು ತೋರಿಸಿ, ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಬುದ್ಧನ ಶಿಷ್ಯರಾದ ಐನೂರು ಅರ್ಹಂತರ ಮೂರ್ತಿಗಳು ಸಾಲು ಸಾಲಾಗಿ ಕೂತಿದ್ದಾರೆ. ಒಬ್ಬನಿಗೆ ನಗು, ಒಬ್ಬನಿಗೆ ಮುನಿಸು, ಒಬ್ಬ ಕಿವಿ ಕೆರೆದುಕೊಳ್ಳುತ್ತಿದ್ದಾನೆ. ಅಮ್ಮ ಒಬ್ಬನ ಮುಂದೆ ನಿಂತು, “ಥೇಟ್ ನಮ್ಮ ರಂಗಣ್ಣ ಮಾವ, ಇಸ್ಪೀಟಲ್ಲಿ ಸೋತಾಗ” ಎಂದಳು. ನಿಜವಾಗಿಯೂ ಹಾಗೇ ಇತ್ತು.

ಬೋಧಿಧರ್ಮನ ಮುಂದೆ ಅವಳು ನಗಲಿಲ್ಲ. ದಟ್ಟ ಹುಬ್ಬು, ಗಡ್ಡ, ಅಗಲ ಕಣ್ಣು. “ಇವನಲ್ಲ,” ಎಂದಳು. “ಇವನು ಬೇಕು ಅಂತಲೇ ಮನೆ ಬಿಟ್ಟು ಬಂದೋನು. ಇವನಿಗೆ ನಮ್ಮ ಸಂಕಟ ಎಲ್ಲಿ ಗೊತ್ತಾಗತ್ತೆ?”

ಹೊರಗೆ ಬಂದಾಗ ಜೇಡ್ ಅಂಗಡಿಯವನು ಡಬ್ಬಿ ವಾಪಸು ಕೊಡಲು ಬಂದ. ಅಮ್ಮ ನೀವೇ ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿದಳು. ಅವನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ನಾವು ಓಣಿಯ ತಿರುವು ತಲುಪುವಷ್ಟರಲ್ಲಿ ಅನ್ನ ತರಿಸಿಕೊಂಡಾಗಿತ್ತು.

ಮೆಟ್ಟಿಲು ಹತ್ತಿ ಸಾನ್‌ಯುವಾನ್

ಎರಡು ಗುಡಿ ಹೋಯಿತು, ಒಂದೂವರೆ ದಿನ ಹೋಯಿತು. ಮಧ್ಯಾಹ್ನ ಲಿನ್ ಆಂಟಿಯ ವಿಡಿಯೋ ಕಾಲ್ ಬಂತು. ಅಲ್ಲಿ ಇನ್ನೂ ಬೆಳಗು. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು, ಹಿಂದೆ ಆಸ್ಪತ್ರೆಗೆ ಸಿದ್ಧ ಮಾಡಿಟ್ಟ ಚೀಲ. ಅದರ ಜಿಪ್ಪು ಹಾಕಿರಲಿಲ್ಲ.

“ಸಿಗಲಿಲ್ಲ ಅಲ್ವಾ?”

“ಇನ್ನೂ ಇದೆ ಲಿನ್. ಊರು ದೊಡ್ಡದು,” ಎಂದಳು ಅಮ್ಮ.

“ಸುಮಾ, ನನಗೋಸ್ಕರ ನೀನು ಹಂದಿ ಹೊತ್ಕೊಂಡು ತಿರುಗ್ತಿದ್ದೀಯ. ಬೇಡ. ಸುಮ್ನೆ ಊರು ನೋಡ್ಕೊಂಡು ಬಾ. ನಾನು ಆಸ್ಪತ್ರೆಗೆ ಫೋನ್ ಮಾಡ್ತೀನಿ.”

“ಫೋನ್ ಮುಟ್ಟಿದ್ರೆ ನೋಡು! ನಾಳೆವರೆಗೂ ಟೈಮಿದೆ.” ಅಮ್ಮ ಕಾಲ್ ಕಟ್ ಮಾಡಿ, ನನಗೆ ಕಾಣದಂತೆ ಆಚೆ ತಿರುಗಿ ಮೂಗು ಒರೆಸಿಕೊಂಡಳು. ಆಮೇಲೆ, “ಬೌದ್ಧರಲ್ಲ ಅಂದ ಮೇಲೆ ಇನ್ನು ಯಾರು? ಆ ಇನ್ನೊಂದು ಥರದವರು ಇದಾರಲ್ಲ, ಜುಟ್ಟು ಕಟ್ಟೋರು?” ಎಂದಳು.

ಜುಟ್ಟು ಕಟ್ಟುವವರು ಎಂದರೆ ಟಾವೋ ಮತದವರು. ಯುವೆಷಿಯು ಗುಡ್ಡದ ಬುಡದಲ್ಲಿ ಅವರ ಹಳೆಯ ಗುಡಿ, ಸಾನ್‌ಯುವಾನ್. ರಸ್ತೆಯಿಂದ ಕಡಿದಾದ ಕಲ್ಲಿನ ಮೆಟ್ಟಿಲು. ಅಮ್ಮ ನಡುವೆ ಎರಡು ಸಲ ಕೂತಳು. ಮೇಲೆ ಹೋದರೆ ಒಂದು ಬಾವಿ. ಸೊಪ್ಪಿನ ಬತ್ತಿ ಸುಟ್ಟು ರೋಗ ವಾಸಿ ಮಾಡುತ್ತಿದ್ದ ವೈದ್ಯೆಯೊಬ್ಬಳು ಎಷ್ಟೋ ಶತಮಾನಗಳ ಹಿಂದೆ ಇಲ್ಲಿ ಇದ್ದಳಂತೆ, ಅವಳ ಹೆಸರಿನದು. ವೈದ್ಯೆಗೆ ಗುಡಿಯಲ್ಲಿ ಜಾಗ ಕೊಟ್ಟದ್ದು ಅಮ್ಮನಿಗೆ ಬಹಳ ಹಿಡಿಸಿತು. ನಮ್ಮೂರಲ್ಲಿ ನಾಟಿ ಔಷಧ ಕೊಡುತ್ತಿದ್ದ ಪುಟ್ಟಕ್ಕನಿಗೆ ಯಾರು ಏನು ಕಟ್ಟಿಸಿದರು ಎಂದು ಕೇಳಿದಳು.

ದೇವರ ಮುಂದೆ ಬಿದಿರಿನ ಡಬ್ಬಿಗಳಲ್ಲಿ ನಂಬರು ಬರೆದ ಕಡ್ಡಿಗಳು. ಮಂಡಿಯೂರಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟು, ಒಂದು ಕಡ್ಡಿ ಹೊರಗೆ ಬೀಳುವವರೆಗೂ ಡಬ್ಬಿ ಅಲ್ಲಾಡಿಸಬೇಕು. ಇದು ಅಮ್ಮನಿಗೆ ವಿವರಿಸದೆಯೇ ಅರ್ಥವಾಯಿತು. ನಮ್ಮಲ್ಲಿ ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕಾಯುವುದಿಲ್ಲವೇ? ಇಲ್ಲಿ ದೇವರಿಗೆ ಸ್ವಲ್ಪ ಸಹಾಯ ಮಾಡುತ್ತಾರೆ, ಅಷ್ಟೇ. ಯಾವ ಗುಡಿ ಎಂದು ಇವರನ್ನೇ ಕೇಳಿಬಿಡುತ್ತೇನೆ ಎಂದು ಅವಳು ಡಬ್ಬಿ ಎತ್ತಿಕೊಂಡು ಅಲ್ಲಾಡಿಸಲು ಶುರು ಮಾಡಿದಳು. ಒಂದಲ್ಲ, ಹನ್ನೊಂದು ಕಡ್ಡಿ ಒಟ್ಟಿಗೆ ನೆಲಕ್ಕೆ ಬಿದ್ದವು.

ಪಕ್ಕದ ಮೇಜಿನ ಹಿಂದೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ ಸನ್ಯಾಸಿನಿ ಎದ್ದು ಬಂದರು. ಗಾಢ ನೀಲಿ ನಿಲುವಂಗಿ, ನೆತ್ತಿಯ ಮೇಲೆ ಬಿಗಿದ ಜುಟ್ಟು, ಅದಕ್ಕೆ ಅಡ್ಡಲಾಗಿ ಮರದ ಕಡ್ಡಿ. ಕಡ್ಡಿಗಳನ್ನು ಹೆಕ್ಕುತ್ತಾ ಏನು ಪ್ರಶ್ನೆ ಎಂದು ಕೇಳಿದರು. ನಾನು ಫೋನಿನಲ್ಲಿ ಎಲ್ಲವನ್ನೂ ಬರೆದೆ: ಎದುರುಮನೆಯ ಆಂಟಿ, ತಾಯಿಯ ಹರಕೆ, ಪರದೇಶಿ ದೇವರು, ಹುರಿದ ಹಂದಿ, ನಾಳೆ ಆಸ್ಪತ್ರೆ.

ಅವರು ಓದಿ, ಮತ್ತೊಮ್ಮೆ ಓದಿ, ಜೋರಾಗಿ ನಕ್ಕರು. “ಇದಕ್ಕೆಲ್ಲ ದೇವರನ್ನ ಯಾಕೆ ಎಬ್ಬಿಸ್ತೀರಿ? ನನ್ನ ಕೇಳಿ,” ಎಂದಿತು ಫೋನು.

ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ತಮ್ಮ ಗುಡಿಯಲ್ಲೂ ಮಾಂಸ ನಡೆಯುವುದಿಲ್ಲ ಎಂದರು. ಹಂದಿ ಒಪ್ಪಿಸುವುದು ಊರ ಜನ ತಮ್ಮ ಊರ ದೇವರಿಗೆ. ಹಂದಿ ಮತ್ತು ಪರದೇಶಿ ಎರಡೂ ಕೂಡಿ ಬರುವ ಜಾಗ ತಮಗೆ ಗೊತ್ತಿರುವಂತೆ ಒಂದೇ. ಪೂರ್ವಕ್ಕೆ, ನದಿ ಸಮುದ್ರ ಸೇರುವ ಕಡೆ, ತೆಂಕಣ ಸಮುದ್ರದ ದೇವರ ಹಳೇ ಗುಡಿ. ಮೆಟ್ರೋ ಹೋಗುತ್ತದೆ. “ಅಲ್ಲಿ ಸಮುದ್ರರಾಜ ಒಳಗೆ ಕೂತಿದ್ದಾನೆ. ನಿಮ್ಮವನು ಹೊರಗೆ ನಿಂತಿದ್ದಾನೆ,” ಎಂದು ಅಮ್ಮನ ಕಡೆ ಬೊಟ್ಟು ಮಾಡಿದರು.

“ನಮ್ಮವನಾ?” ಎಂದಳು ಅಮ್ಮ.

ಹಲಸಿನ ಮರದ ಕೆಳಗೆ

ಮೂರನೆಯ ದಿನ ಮಧ್ಯಾಹ್ನ ಒಂದೂವರೆಗೆ ನಾವು ಅಲ್ಲಿದ್ದೆವು. ಸ್ಟಾಕ್‌ಹೋಮಿನಲ್ಲಿ ಬೆಳಿಗ್ಗೆ ಏಳೂವರೆ. ಈ ಸಲ ಹಂದಿಯನ್ನು ಅಮ್ಮನೇ ಅಂಗಡಿಗೆ ಬಂದು ಆರಿಸಿದ್ದಳು. ಮೂಗಿಗೆ ಸೆರಗಿಲ್ಲದ್ದರಿಂದ ಸ್ಕಾರ್ಫು ಹಿಡಿದು.

ಸಮುದ್ರದೇವರ ಗುಡಿಯ ಮುಂದೆ ಈಗ ಸಮುದ್ರವಿಲ್ಲ. ಹಿಂದೆ ಹಡಗುಗಳು ಬಾಗಿಲಿಗೇ ಬಂದು ನಿಲ್ಲುತ್ತಿದ್ದವಂತೆ. ನೀರು ಹಿಂದೆ ಸರಿದು ಹಳೆಯ ಹಡಗುಕಟ್ಟೆಯ ಕಲ್ಲು ಮಾತ್ರ ಉಳಿದಿದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟ ಅಮ್ಮ ಥಟ್ಟನೆ ನಿಂತಳು.

“ಸನಾ, ಹಲಸು!”

ಅಂಗಳದಲ್ಲಿ ಹಲಸಿನ ಮರ. ಮೈತುಂಬ ಮುಳ್ಳುಕಾಯಿ ಕಟ್ಟಿಕೊಂಡ, ನಮ್ಮ ಊರಿನದೇ ಹಲಸು. ಅಮ್ಮ ಹೋಗಿ ಕಾಂಡಕ್ಕೆ ಕೈಯಿಟ್ಟು ನಿಂತಳು. ಸ್ವೀಡನ್ನಿನಲ್ಲಿ ಇಪ್ಪತ್ತೈದು ವರ್ಷ ಡಬ್ಬಿಯ ಹಲಸು ತಿಂದವಳು.

ಅವನು ಅಲ್ಲೇ ಇದ್ದ. ಚೀನೀ ಅಧಿಕಾರಿಯ ನಿಲುವಂಗಿ, ತಲೆಗೆ ಚೀನೀ ಟೋಪಿ, ಆದರೆ ಮುಖ ನಮ್ಮ ಕಡೆಯದು, ಕಪ್ಪಗೆ. ಒಂದು ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಬಿಸಿಲಲ್ಲಿ ದೂರ ನೋಡುವವರಂತೆ ಹೊರಗೆ ನೋಡುತ್ತಿದ್ದಾನೆ. ಹೊರಗೆ ಬಣ್ಣದ ಕಾಗದದ ಕೋಳಿ ಮಾರುವ ಹೆಂಗಸು ನಮ್ಮ ಡಬ್ಬಿ ಕಂಡು ತಾನಾಗಿಯೇ ಹಿಂದೆ ಬಂದಿದ್ದಳು. ನನ್ನ ಫೋನಿನ ಅನುವಾದದಲ್ಲಿ ಅವಳೇ ಕಥೆ ಹೇಳಿದಳು. ಭಾರತದ ಕಡೆಯ ಯಾವುದೋ ರಾಜ್ಯದಿಂದ ಕಾಣಿಕೆ ಹೊತ್ತು ಬಂದ ಹಡಗಿನವನಂತೆ. ಊರಿಂದ ತಂದಿದ್ದ ಹಲಸಿನ ಬೀಜ ಇಲ್ಲಿ ನೆಟ್ಟ. ಗುಡಿ ನೋಡುತ್ತಾ ನೋಡುತ್ತಾ ಮೈಮರೆತ. ದಡಕ್ಕೆ ಓಡಿದರೆ ಹಡಗು ಹೊರಟುಹೋಗಿತ್ತು. ಕೈ ಹುಬ್ಬಿಗಿಟ್ಟು ನೋಡುತ್ತಾ ನಿಂತವನು ನಿಂತಲ್ಲೇ ಪ್ರಾಣ ಬಿಟ್ಟ. ಊರವರು ಅಯ್ಯೋ ಎಂದು ಮೂರ್ತಿ ಮಾಡಿ, ತಮ್ಮ ಬಟ್ಟೆಯನ್ನೇ ಉಡಿಸಿ, ದೇವರ ಪಕ್ಕದಲ್ಲಿ ನಿಲ್ಲಿಸಿದರು.

ಅಮ್ಮ ಲಿನ್ ಆಂಟಿಗೆ ಕಾಲ್ ಮಾಡಿ, ಫೋನನ್ನು ಅವನ ಮುಖದ ಕಡೆ ತಿರುಗಿಸಿ ಹಿಡಿದಳು. ಆಂಟಿ ಬಹಳ ಹೊತ್ತು ನೋಡಿದರು.

“ಹೌದು. ಅಮ್ಮ ಹೇಳಿದ್ದು ಇವನನ್ನೇ,” ಎಂದರು.

ಕೋಳಿ ಮಾರುವವಳು ಎಲ್ಲ ವ್ಯವಸ್ಥೆ ಮಾಡಿದಳು. ಮೇಜು ಒರೆಸಿದಳು, ಹಂದಿ ಇಡಿಸಿದಳು, ಪಕ್ಕದಲ್ಲಿ ಕಿತ್ತಳೆ, ಮೂರು ಸಣ್ಣ ಕಪ್ಪಿನಲ್ಲಿ ಚಹಾ. ಮೂರು ಸಲ ಬಗ್ಗಿ ಎಂದಳು. ಆಂಟಿ ಕಿಸ್ಟಾದ ಅಡುಗೆಮನೆಯಲ್ಲಿ ಎದ್ದು ನಿಂತು ಬಗ್ಗಿದರು. ಪ್ರತಿ ಸಲವೂ ಅವರ ನೆತ್ತಿಯ ಬಿಳಿಗೂದಲು ಪರದೆ ತುಂಬ ಕಂಡಿತು. ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ಅವರು ಮುಗಿಸಿದ ಮೇಲೆ ಅಮ್ಮ ಕನ್ನಡದಲ್ಲಿ ಶುರು ಮಾಡಿದಳು.

“ನೋಡಪ್ಪಾ, ತಡ ಆಗಿದೆ, ತಪ್ಪಾಗಿದೆ. ಆದ್ರೆ ತಡ ಅಂದ್ರೇನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೇ ಹಡಗು ತಪ್ಪಿಸಿಕೊಂಡೋನು. ಇವಳ ಮೇಲೆ ಸಿಟ್ಟು ಮಾಡ್ಕೋಬೇಡ.”

ಊದುಬತ್ತಿ ಉರಿದು ಮುಗಿಯಿತು. ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಾಗ ಕೋಳಿ ಮಾರುವವಳು ಎಲ್ಲಿಂದಲೋ ಚಾಕು ತಂದು ಮಾಂಸ ತುಂಡು ಮಾಡಿದಳು. ಹರಕೆ ಹೊತ್ತ ಮನೆಯವರು ಈಗ ತಿನ್ನಬೇಕು ಎಂದಳು. ದೇವರು ಮುಟ್ಟಿದ್ದನ್ನು ಮನೆಯವರು ತಿಂದರೇ ಪೂರ್ತಿ. ತಿನ್ನದೆ ಬಿಟ್ಟರೆ ಸುಮ್ಮನೆ ತೋರಿಸಿ ವಾಪಸು ತೆಗೆದುಕೊಂಡ ಹಾಗೆ.

ನಾನು ಇದನ್ನು ಆಂಟಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

“ನಮ್ಮ ಮನೆ ಅಂದ್ರೆ ನಾನೊಬ್ಬಳೇ. ನಾನು ಇಲ್ಲಿದ್ದೀನಿ.” ಹಿಂದಿನ ಚೀಲದ ಕಡೆ ಒಮ್ಮೆ ತಿರುಗಿ, “ಹೋಗಲಿ ಸುಮಾ. ಇಷ್ಟಾದರೂ ಆಯ್ತಲ್ಲ. ಮುಂದಿನ ವರ್ಷ ನಾನೇ ಬಂದು ತಿಂತೀನಿ. ಆಪರೇಷನ್ ಆಮೇಲೆ ನೋಡೋಣ.”

ಗಡಿಯಾರ ನೋಡಿದೆ. ಅಲ್ಲಿ ಎಂಟೂಕಾಲು. ಅಮ್ಮ ಮಾಂಸದ ತಟ್ಟೆ ನೋಡಿದಳು, ಫೋನ್ ನೋಡಿದಳು. ಪ್ರಸಾದ. ಬಿಡುವ ಹಾಗಿಲ್ಲ, ತಿನ್ನುವ ಹಾಗಿಲ್ಲ.

“ಸನಾ, ನೀನು ತಿನ್ನು.”

“ನಾನಾ?”

“ನಾಟಕ ಬೇಡ. ಎರಡನೇ ಕ್ಲಾಸಿಂದ ಸ್ಕೂಲಲ್ಲಿ ಸಾಸೇಜ್ ತಿಂತಿದ್ದೆ. ನಾನು ಕೆಲಸ ಮಾಡೋದು ಸ್ಕೂಲ್ ಪಕ್ಕದ ದಾಗಿಸ್‌ನಲ್ಲಿ, ಆ ಶಿಶುವಿಹಾರದಲ್ಲಿ ಕಣೇ. ಮಕ್ಕಳ ಊಟ ಎರಡೂ ಕಡೆಗೂ ಒಂದೇ ಅಡುಗೆಮನೆಯಿಂದ ಬರತ್ತೆ. ಯಾವ ಮಗು ಏನು ತಿಂತು ಅಂತ ಅಡುಗೆಯವರು ನನಗೆ ಹೇಳಲ್ವಾ?”

ಇಪ್ಪತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು. ಇಪ್ಪತ್ತು ವರ್ಷ ಅವಳಿಗೆ ಗೊತ್ತಿದ್ದ ಗುಟ್ಟು.

“ಆದ್ರೆ ಇವಳು ನಮ್ಮ ಮನೆಯವಳಾ? ಆಗತ್ತಾ?” ಎಂದರು ಆಂಟಿ. ಕೇಳಿದ್ದು ನಮ್ಮನ್ನಲ್ಲ, ಕೋಳಿಯವಳನ್ನು, ಅವರದೇ ಭಾಷೆಯಲ್ಲಿ. ಆಮೇಲೆ ನಮಗಾಗಿ ಮತ್ತೊಮ್ಮೆ ಹೇಳಿದರು.

ಅಮ್ಮ ಉತ್ತರಕ್ಕೆ ಕಾಯಲಿಲ್ಲ. “ಜ್ವರ ಬಂದಾಗೆಲ್ಲ ಇವಳನ್ನ ಎಲ್ಲಿ ಮಲಗಿಸಿ ಕೆಲಸಕ್ಕೆ ಹೋಗ್ತಿದ್ದೆ ಲಿನ್? ಮೊದಲನೇ ಹಲ್ಲು ಬಿದ್ದಿದ್ದು ಯಾರ ಸೋಫಾ ಮೇಲೆ? ನಿನ್ನ ಗಂಜಿ ಕುಡಿದು ಬೆಳೆದೋಳು. ಆಗತ್ತಾ ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

ಕೋಳಿಯವಳು ಅಮ್ಮನ ಸ್ವೀಡಿಷ್‌ನಲ್ಲಿ ಒಂದಕ್ಷರವೂ ತಿಳಿಯದೆ, ದನಿ ಮಾತ್ರ ಕೇಳಿ, ಜೋರಾಗಿ ತಲೆಯಾಡಿಸಿದಳು. ಆಗುತ್ತದೆ.

“ನಾನು ಅವನ ಕಡೆ ನೋಡ್ತಿರ್ತೀನಿ. ನೀನು ತಿನ್ನು,” ಎಂದು ಅಮ್ಮ ನನಗೆ ಬೆನ್ನು ಹಾಕಿ ನಿಂತಳು. ನಾನು ತಿಂದೆ. ಅವಳ ಬೆನ್ನ ಹಿಂದೆ, ಫೋನಿನ ಎದುರಿಗೆ, ಒಂದು ತುಂಡು, ಇನ್ನೊಂದು ತುಂಡು.

“ಹೇಗಿದೆ?” ಎಂದರು ಆಂಟಿ.

“ಉಪ್ಪುಪ್ಪು. ಚರ್ಮ ಹಪ್ಪಳದ ಥರ ಮುರಿಯತ್ತೆ.”

“ಅಮ್ಮ ಮೊದಲು ಅದನ್ನೇ ತಿಂತಿದ್ರು.” ಅವರು ಕಣ್ಣೊರೆಸಿಕೊಂಡು ಎದ್ದರು. ಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು. “ನಾನು ಹೊರಟೆ ಸುಮಾ. ಬೈ ಬೈ.”

ಕಿಸ್ಟಾದಲ್ಲೇ ಉಳಿದಿದ್ದ ನಮ್ಮ ಅಪ್ಪ ಕಾರು ತರುತ್ತೇನೆ ಎಂದಿದ್ದಕ್ಕೆ, ಮೆಟ್ರೋ ಇರುವಾಗ ಕಾರು ಯಾಕೆ ಎಂದಿದ್ದರಂತೆ ಆಂಟಿ. ಹೊರಟದ್ದೇನೋ ಸರಿ, ಕಾಲ್ ಕಟ್ ಮಾಡುವುದನ್ನು ಮರೆತರು. ಕಟ್ ಮಾಡಿದ್ದೆ ಎಂದು ಈಗಲೂ ವಾದಿಸುತ್ತಾರೆ. ಪರದೆ ಕಪ್ಪಾಯಿತು, ಅವರ ಕೋಟಿನ ಜೇಬು. ನಾನು ಕೆಂಪು ಗುಂಡಿ ಒತ್ತಲು ಹೋದರೆ ಅಮ್ಮ ನನ್ನ ಕೈ ಸರಿಸಿದಳು.

ಉಳಿದ ಮಾಂಸವನ್ನು ಕೋಳಿಯವಳಿಗೆ ಕೊಟ್ಟು, ಹಲಸಿನ ನೆರಳಲ್ಲಿ ಕಲ್ಲಿನ ಬೆಂಚಿನ ಮೇಲೆ ಫೋನ್ ನಡುವೆ ಇಟ್ಟುಕೊಂಡು ಕೂತೆವು. ಬಾಗಿಲಿಗೆ ಬೀಗ ಬಿದ್ದ ಸದ್ದು. ಲಿಫ್ಟು. ಎಸ್ಕಲೇಟರಿನ ಗುರುಗುರು. ರೈಲು. ನಿಲ್ದಾಣದ ಹೆಸರುಗಳನ್ನು ಒಂದೊಂದಾಗಿ ಕೂಗುವ ಹೆಣ್ಣಿನ ದನಿ, ಬಟ್ಟೆಯೊಳಗಿಂದ ಮಂದವಾಗಿ. ಪ್ರತಿ ನಿಲ್ದಾಣದಲ್ಲಿ ರೈಲು ನಿಂತಾಗ ಅಮ್ಮ ಉಸಿರು ಹಿಡಿಯುತ್ತಿದ್ದಳು, ಇಳಿದು ವಾಪಸು ಹೊರಟುಬಿಟ್ಟರೆ ಎಂದು. ಇಳಿಯಲಿಲ್ಲ. ಬದಲಾಯಿಸುವ ಕಡೆ ಬದಲಾಯಿಸಿದರು. ಆಮೇಲೆ ಹೆಜ್ಜೆ ಸದ್ದು, ತಾನಾಗಿ ತೆರೆದುಕೊಳ್ಳುವ ಬಾಗಿಲು, ಯಾರೋ ಕೆಮ್ಮಿದ್ದು, ಬಹಳ ಹೊತ್ತು ಏನೂ ಇಲ್ಲ.

ಕೊನೆಗೆ ನರ್ಸೊಬ್ಬಳ ಎಳೆ ದನಿ ಕೇಳಿಸಿತು: “ನಿಮ್ಮ ಪರ್ಸೋನ್‌ನುಮ್ಮರ್?” ಸ್ವೀಡನ್ನಿನಲ್ಲಿ ಪ್ರತಿಯೊಬ್ಬರಿಗೂ ಇರುವ ಆ ಗುರುತಿನ ಸಂಖ್ಯೆ ಹೇಳದೆ ಯಾವ ಬಾಗಿಲೂ ತೆರೆಯುವುದಿಲ್ಲ.

ಲಿನ್ ಆಂಟಿ ಹುಟ್ಟಿದ ವರ್ಷದಿಂದ ಶುರು ಮಾಡಿ, ತಿಂಗಳು, ದಿನ, ಕೊನೆಯ ನಾಲ್ಕು ಅಂಕಿ, ಎಲ್ಲಿಯೂ ತಡವರಿಸದೆ, ಗಟ್ಟಿಯಾಗಿ ಹೇಳಿದರು.

ಆಮೇಲೆ ಅಮ್ಮ ಫೋನ್ ಕಟ್ ಮಾಡಿದಳು.